ಕೊಸರಿನ ಲೆಕ್ಕ

ಬೆಳಗಿನ ಏಳು ಗಂಟೆಯ ಸಮಯ. ಬೆಂಗಳೂರಿನ ಒಂದು ಹಳೆಯ ಬಡಾವಣೆಯ ಅಡ್ಡರಸ್ತೆ. “ಸೊಪ್ಪೂ... ದಂಟು, ಮೆಂತ್ಯ, ಸಬ್ಬಸಿಗೇ...” ಎಂಬ ಕೂಗು ತಿರುವಿನಾಚೆಯಿಂದ ಕೇಳಿಬರುತ್ತಲೇ ಒಂದು ಮನೆಯ ಕದ ತೆರೆಯುತ್ತದೆ. ಗೃಹಿಣಿ ಕೈಯಲ್ಲಿ ಬುಟ್ಟಿ ಹಿಡಿದು ಹೊರಗೆ ಬರುತ್ತಾಳೆ. ತಲೆಯ ಮೇಲಿನ ಹೊರೆಯನ್ನು ಇಳಿಸಲು ಸೊಪ್ಪಿನವಳಿಗೆ ತಾನೇ ಕೈಕೊಡುತ್ತಾಳೆ. ಅಲ್ಲಿಗೆ ಉಪಚಾರ ಮುಗಿಯಿತು, ಯುದ್ಧ ಆರಂಭವಾಯಿತು. ಕಟ್ಟೊಂದನ್ನು ಎತ್ತಿ ನೀರು ಒದರಿ, “ಇದರಲ್ಲಿ ಸೊಪ್ಪಿಗಿಂತ ನೀರೇ ಹೆಚ್ಚು” ಎನ್ನುತ್ತಾಳೆ. ಬೇರು ತಿರುಗಿಸಿ ನೋಡಿ, “ಮಣ್ಣಿಗೂ ದುಡ್ಡು ಕೊಡಬೇಕೇನು?” ಎಂದು ಕೇಳುತ್ತಾಳೆ. ಸೊಪ್ಪಿನವಳು ಕಟ್ಟಿಗೆ 30 ರೂಪಾಯಿ ಎಂದರೆ ಇವಳು 20 ಎನ್ನುತ್ತಾಳೆ. ಇಬ್ಬರೂ ಒಮ್ಮೆ ಮುಖ ತಿರುಗಿಸಿಕೊಳ್ಳುತ್ತಾರೆ, ಮತ್ತೆ ತಿರುಗುತ್ತಾರೆ. 25ಕ್ಕೆ ಸಂಧಿ ಏರ್ಪಡುತ್ತದೆ. ಹಣ ಕೈಬದಲಾದ ಮೇಲೆ, “ಒಂದೆಸಳು ಕರಿಬೇವು ಹಾಕೇ” ಎಂಬ ಮಾತು ಬರುತ್ತದೆ. ಸೊಪ್ಪಿನವಳು ಗೊಣಗುತ್ತಲೇ ಎರಡೆಸಳು ಹಾಕುತ್ತಾಳೆ. ಯುದ್ಧದಲ್ಲಿ ಸೋತವರು ಯಾರೂ ಇಲ್ಲ.

ಅದೇ ಮನೆಯ ಒಳಕೋಣೆಯಲ್ಲಿ, ಅದೇ ಹೊತ್ತಿಗೆ, ಆ ಗೃಹಿಣಿಯ ಮಗ ಹಾಸಿಗೆಯಿಂದಲೇ ಕೈದೂರವಾಣಿಯನ್ನು ಎತ್ತಿಕೊಂಡು ಎರಡು ಸಲ ಬೆರಳಾಡಿಸುತ್ತಾನೆ. ಕಾಫಿ ಆರುವ ಮುನ್ನವೇ ಹೊಸ್ತಿಲಿಗೆ ಒಂದು ಚೀಲ ಬಂದು ಬೀಳುತ್ತದೆ. ಒಂದು ಕಿಲೋ ಟೊಮ್ಯಾಟೊ, ಅರ್ಧ ಕಿಲೋ ಹುರುಳಿಕಾಯಿ. ಬೆಲೆ ಎಷ್ಟು ಎಂದು ಕೇಳಿದವರಿಲ್ಲ, ಹೇಳಿದಷ್ಟು ಸಂದಿತು. ತಂದುಕೊಟ್ಟದ್ದಕ್ಕೆ ಬೇರೆ ಶುಲ್ಕ, ಚೀಲ ಕಟ್ಟಿದ್ದಕ್ಕೆ ಬೇರೆ ಶುಲ್ಕ; ಅದೂ ಸಂದಿತು. ಟೊಮ್ಯಾಟೊಗಳಲ್ಲಿ ಎರಡು ಮೆತ್ತಗಾಗಿವೆ. ಗೃಹಿಣಿ ಅವನ್ನು ಹಿಸುಕಿ ನೋಡಿ, “ಹೋಗಲಿ, ಇವತ್ತಿನ ಸಾರಿಗೆ ಆಯಿತು” ಎನ್ನುತ್ತಾಳೆ. ಐದು ನಿಮಿಷದ ಹಿಂದೆ ಐದು ರೂಪಾಯಿಗಾಗಿ ಕುರುಕ್ಷೇತ್ರವನ್ನೇ ನಡೆಸಿದ ವೀರನಾರಿ ಈಕೆಯೇನೆ?

ಒಂದೇ ಮನೆಯಲ್ಲಿ, ಒಂದೇ ಬೆಳಗಿನಲ್ಲಿ, ಒಂದೇ ಕಾಯಿಪಲ್ಯದ ವಿಷಯದಲ್ಲಿ ಹೀಗೆ ಎರಡು ಧರ್ಮಶಾಸ್ತ್ರಗಳು ನಡೆಯುವುದು ಏಕೆ? ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಇದರ ಉತ್ತರದ ಮೇಲೆ ಎಷ್ಟೋ ತೋಟಗಳ ಹಣೆಬರಹ ನಿಂತಿದೆ.

ಮೊದಲು ಆ ಎರಡೆಸಳು ಕರಿಬೇವಿನ ಮಾತು. ಅದಕ್ಕೆ ಕನ್ನಡದಲ್ಲಿ ಸೊಗಸಾದ ಹೆಸರಿದೆ: ಕೊಸರು. ತೂಕ ಮುಗಿದ ಮೇಲೆ ತೂಕಕ್ಕೆ ಸೇರದೆ ಬರುವುದು ಕೊಸರು. ಬೆಲೆ ತೀರಿದ ಮೇಲೆ ಬೆಲೆಯಿಲ್ಲದೆ ಬರುವುದು ಕೊಸರು. ಗಿರಾಕಿಗೆ ಅದರಿಂದ ಆಗುವ ಲಾಭ ಅತ್ಯಲ್ಪ. ಆದರೂ ಕೊಸರಿಲ್ಲದ ವ್ಯಾಪಾರ ಅವನಿಗೆ ಉಪ್ಪಿಲ್ಲದ ಊಟ. ಏಕೆಂದರೆ ಕೊಸರು ಪದಾರ್ಥವಲ್ಲ, ಸಾಕ್ಷ್ಯ. “ಇವಳು ನನ್ನನ್ನು ಪೂರ್ತಿ ಸುಲಿಯಲಿಲ್ಲ, ನಾಳೆಯೂ ನಾನು ಬರಲಿ ಎಂಬ ಆಸೆ ಇವಳಿಗಿದೆ” ಎಂಬುದಕ್ಕೆ ಆ ಎರಡೆಸಳು ಸೊಪ್ಪು ಸಾಕ್ಷಿ. ಕಾಯಿಪಲ್ಯ ಕೊಳ್ಳುವವನು ಹುಡುಕುವುದು ಅಗ್ಗವನ್ನು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಅವನು ಹುಡುಕುವುದು ನಂಬಿಕೆಯನ್ನು.

ನಂಬಿಕೆಯನ್ನು ಹುಡುಕಬೇಕಾಗಿ ಬಂದುದಕ್ಕೆ ಕಾರಣವೂ ಇದೆ. ಅಕ್ಕಿಯನ್ನು ಒಮ್ಮೆ ನೋಡಿ ತಂದರೆ ತಿಂಗಳು ನಿಶ್ಚಿಂತೆ. ಕಾಯಿಪಲ್ಯದ ಸ್ವಭಾವ ಹಾಗಲ್ಲ. ಅದು ಕಿತ್ತ ಗಳಿಗೆಯಿಂದಲೇ ಬಾಡತೊಡಗುತ್ತದೆ. ನಿನ್ನೆಯದನ್ನು ನೀರು ಚಿಮುಕಿಸಿ ಇಂದಿನದೆಂದು ಮಾರಬಹುದು. ಆದುದರಿಂದಲೇ ನಮ್ಮ ಹಿರಿಯರು ತಮ್ಮ ಪಂಚೇಂದ್ರಿಯಗಳನ್ನೂ ಪೇಟೆಗೆ ಕರೆದೊಯ್ಯುತ್ತಿದ್ದರು. ಬೆಂಡೆಕಾಯಿಯ ತುದಿಯನ್ನು ಮುರಿದು ನೋಡಬೇಕು: ಚಟಕ್ಕನೆ ಮುರಿದರೆ ಎಳೆಯದು, ಬಾಗಿದರೆ ನಾರು. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಬೇಕು. ಬದನೆಕಾಯಿಯ ತೊಟ್ಟನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಅವರೆಕಾಯಿಯ ಕಾಲದಲ್ಲಂತೂ ಮೂಗೇ ನ್ಯಾಯಾಧಿಪತಿ. ಮಾರ್ಗಶಿರದ ಚಳಿಯಲ್ಲಿ ರಾಶಿಯ ಮುಂದೆ ಬಗ್ಗಿ ಸೊಗಡನ್ನು ಹೀರಿ ನೋಡದೆ ಅವರೆಕಾಯಿ ಕೊಂಡವನನ್ನು ಮನೆಯವರು ಕ್ಷಮಿಸುವುದಿಲ್ಲ. ಇನ್ನು ತಕ್ಕಡಿಯ ವಿಚಾರ. ತಟ್ಟೆಯ ಅಡಿಗೆ ಹುಣಿಸೆಹಣ್ಣು ಅಂಟಿಸುವ ಕಥೆಯನ್ನು ಕೇಳದೆ ಬೆಳೆದ ಕನ್ನಡಿಗನಿಲ್ಲ. ಈ ಪರೀಕ್ಷೆಗಳೆಲ್ಲದರ ಹಿಂದೆ ಇರುವುದು ಒಂದೇ ಭಯ: ಮೋಸ ಹೋದೇನು ಎಂಬುದು.

ಮುರಿದ ಬೆಂಡೆಕಾಯಿಯನ್ನು ಮುಂದಿನವನು ಮುಟ್ಟುವುದಿಲ್ಲ, ಅದರ ನಷ್ಟ ಮಾರುವವನದು ಎಂಬುದನ್ನು ಮಾತ್ರ ಈ ಪರೀಕ್ಷಾಧಿಕಾರಿಗಳು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಹಿಂದೆ ಸಂತೆಯಲ್ಲಿ ಬೆಳೆದವನೂ ತಿನ್ನುವವನೂ ಎದುರುಬದುರು ಕುಳಿತಿದ್ದರು. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರದಂದು ನಡೆಯುವ ಕಡಲೆಕಾಯಿ ಪರಿಷೆ ಆ ಬಗೆಯ ಮುಖಾಮುಖಿಯ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಪಟ್ಟಣ ಬೆಳೆದಂತೆ ಇಬ್ಬರ ನಡುವಿನ ದಾರಿಯೂ ಬೆಳೆಯಿತು. 1928ರಲ್ಲಿ ಕಟ್ಟಲಾದ ಕೃಷ್ಣರಾಜೇಂದ್ರ ಮಾರುಕಟ್ಟೆಯಂಥ ದೊಡ್ಡ ಪೇಟೆಗಳಿಗೆ ಸುತ್ತಲಿನ ಹಳ್ಳಿಗಳ ಮೂಟೆಗಳು ರಾತ್ರಿಯೇ ಬಂದು ಬೀಳತೊಡಗಿದವು. ರೈತನಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಸಗಟು ವ್ಯಾಪಾರಿಗೆ, ಅವನಿಂದ ಚಿಲ್ಲರೆ ಅಂಗಡಿಗೆ, ಅಲ್ಲಿಂದ ತಳ್ಳುಗಾಡಿಗೆ. ಒಂದು ಬದನೆಕಾಯಿ ಮಾಗಡಿಯ ಹೊಲದಿಂದ ಮಲ್ಲೇಶ್ವರದ ಒಲೆಗೆ ಬರುವಷ್ಟರಲ್ಲಿ ನಾಲ್ಕು ಕೈಗಳನ್ನು ಕಂಡಿರುತ್ತದೆ. ಪ್ರತಿಯೊಂದು ಕೈಯೂ ಸಾಗಣೆ ಮಾಡುತ್ತದೆ, ಕೊಳೆಯುವ ಅಪಾಯವನ್ನು ಹೊರುತ್ತದೆ, ಸಾಲ ಕೊಡುತ್ತದೆ; ಆ ಕೈಗಳೆಲ್ಲ ಸುಮ್ಮನೆ ಸುಲಿಯುವವೆಂದು ಹೇಳುವುದು ನ್ಯಾಯವಲ್ಲ. ಆದರೂ ಲೆಕ್ಕ ನೋಡಿದಾಗ ಮನಸ್ಸು ಮುದುಡುತ್ತದೆ. 2024ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಗಿರಾಕಿ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಮುಟ್ಟುವುದು ಟೊಮ್ಯಾಟೊಗೆ ಸುಮಾರು 33 ಪೈಸೆ, ಈರುಳ್ಳಿಗೆ 36 ಪೈಸೆ, ಆಲೂಗಡ್ಡೆಗೆ 37 ಪೈಸೆ. ನಮ್ಮ ಗೃಹಿಣಿ ಚೌಕಾಸಿ ಮಾಡಿ ಉಳಿಸಿದ ಐದು ರೂಪಾಯಿ ದಲ್ಲಾಳಿಯ ಪಾಲಿನಿಂದ ಬರುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಪೇಟೆಗೆ ಹೋದ ಸೊಪ್ಪಿನವಳ ಸೆರಗಿನಿಂದಲೇ ಬರುತ್ತದೆ.

ಈ ದಾರಿಯನ್ನು ಕಿರಿದು ಮಾಡಬೇಕೆಂಬ ಯೋಚನೆ ಹೊಸದಲ್ಲ. ಬೆಂಗಳೂರಿನಲ್ಲಿ ಅದಕ್ಕೆ ಅರವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1959ರ ಸೆಪ್ಟೆಂಬರಿನಲ್ಲಿ, ತೋಟಗಾರಿಕೆಯ ಮಹಾಪುರುಷರೆನಿಸಿದ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದು ಹುಟ್ಟಿತು. ದ್ರಾಕ್ಷಿ ಕಾಯಲಾರದ ಹಣ್ಣು. ಬುಟ್ಟಿಯಲ್ಲಿ ಎರಡು ದಿನ ನಿಂತರೆ ರಸವೇ ಗತಿ. ಕಾಯಲಾರದ ಹಣ್ಣನ್ನು ಬೆಳೆದವನು ದಲ್ಲಾಳಿ ಹೇಳಿದ ಬೆಲೆಗೆ ತಲೆಬಾಗಲೇಬೇಕು. ಅದರಿಂದ ಬಿಡುಗಡೆ ಪಡೆಯಲು ಬೆಳೆಗಾರರು ತಾವೇ ಅಂಗಡಿ ತೆರೆದರು. ಮುಂದೆ ಇತರ ಹಣ್ಣುಗಳೂ ತರಕಾರಿಗಳೂ ಸೇರಿದವು; ಸಂಘದ ಹೆಸರೂ ಬದಲಾಯಿತು. ಇಂದು ಹಾಪ್‌ಕಾಮ್ಸ್ ಎಂದರೆ ಬೆಂಗಳೂರಿನ ಮಗುವಿಗೂ ಗೊತ್ತು.

ಆ ಪುಟ್ಟ ಮಳಿಗೆಗಳು ಗಿರಾಕಿಯ ಮುಂದೆ ಒಂದು ಹೊಸ ಸಂಗತಿಯನ್ನು ಇಟ್ಟವು: ಬರೆದ ಬೆಲೆ. ಹಲಗೆಯ ಮೇಲೆ ಸೀಮೆಸುಣ್ಣದಿಂದ ದಿನದ ದರ. ಜಯನಗರದಲ್ಲೂ ಅದೇ, ಮಲ್ಲೇಶ್ವರದಲ್ಲೂ ಅದೇ. ಮಂತ್ರಿಗೂ ಅದೇ, ಜವಾನನಿಗೂ ಅದೇ. ಚೌಕಾಸಿಯ ಕಲೆ ತಿಳಿಯದ ಸಂಕೋಚದ ಮನುಷ್ಯನಿಗೆ ಇದು ವರವಾಯಿತು. ಬಟ್ಟೆಯ ಚೀಲವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು, ಬೆಳಗಿನ ವಾಯುವಿಹಾರ ಮುಗಿಸಿ, ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಪತ್ರಿಕೆಯಂತೆ ಓದಿ, ಕಾಲು ಕಿಲೋ ಕ್ಯಾರೆಟ್ಟು, ನಾಲ್ಕು ನಿಂಬೆಹಣ್ಣು ಕೊಳ್ಳುವ ನಿವೃತ್ತ ಹೆಡ್‌ಮಾಸ್ತರರಂಥ ಗಿರಾಕಿಗಳ ಒಂದು ಪೀಳಿಗೆಯನ್ನೇ ಈ ಮಳಿಗೆಗಳು ನಿರ್ಮಿಸಿದವು. ಫೆಬ್ರವರಿಯ ಸುಮಾರಿಗೆ ದ್ರಾಕ್ಷಿ, ಕಲ್ಲಂಗಡಿಯ ಮೇಳ. ಬೇಸಗೆಯಲ್ಲಿ ಮಾವು, ಹಲಸಿನ ಮೇಳ. ಇವು ಪಂಚಾಂಗದ ಹಬ್ಬಗಳಿಗೆ ಸೇರಿಹೋದವು.

ಆದರೆ ಗಿರಾಕಿಯ ಮನಸ್ಸು ಪೂರ್ತಿ ಒಲಿಯಿತೆ? ಇಲ್ಲವೆಂದೇ ಹೇಳಬೇಕು. “ಅಲ್ಲಿ ಮೋಸವಿಲ್ಲ” ಎಂದು ಹೊಗಳಿದ ಬಾಯಿಯೇ “ಅಲ್ಲಿ ಕೊಸರೂ ಇಲ್ಲ” ಎಂದಿತು. ಮಧ್ಯಾಹ್ನದ ಹೊತ್ತಿಗೆ ಸೊಪ್ಪು ಬಾಡಿರುತ್ತದೆ ಎಂಬುದೊಂದು ದೂರು. ಬೇಕೆಂದದ್ದು ಇರುವುದಿಲ್ಲ ಎಂಬುದು ಇನ್ನೊಂದು. ಕುಳಿತವನು ನಗುವುದಿಲ್ಲ ಎಂಬುದು ಮೂರನೆಯದು. ಈ ದೂರುಗಳು ಸುಳ್ಳಲ್ಲ. ಸಂಸ್ಥೆಗಳಿಗೆ ವಯಸ್ಸಾದಂತೆ ಕೀಲುನೋವು ಬರುತ್ತದೆ, ಮನುಷ್ಯರಿಗೆ ಬಂದಂತೆಯೇ. ಆದರೆ ದೂರು ಹೇಳಿದವರಲ್ಲಿ ಹೆಚ್ಚಿನವರು ದೂರಿನ ಪುಸ್ತಕದಲ್ಲಿ ಒಂದು ಸಾಲು ಬರೆಯಲಿಲ್ಲ. ಸುಮ್ಮನೆ ಎದುರಿನ ಅಂಗಡಿಗೆ ನಡೆದರು. ಈಚಿನ ವರ್ಷಗಳಲ್ಲಿ ಹಲವು ಮಳಿಗೆಗಳು ಬಾಗಿಲು ಹಾಕಿದವು. ಬಾಗಿಲು ಹಾಕಿದ ದಿನ ಅದೇ ಬೀದಿಯವರು, “ಛೆ, ಎಷ್ಟು ಅನುಕೂಲವಾಗಿತ್ತು!” ಎಂದು ಮರುಗಿದರು. ಕೊಳ್ಳುವುದನ್ನು ಬಿಟ್ಟು ವರ್ಷ ಕಳೆದಿದ್ದ ಮಾತನ್ನು ಮರೆತಿದ್ದರು.

ಎದುರಿನ ಅಂಗಡಿ ಎಂದರೆ ಗಾಜಿನ ಬಾಗಿಲಿನ ಅಂಗಡಿ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಇಂಥವು ನಮ್ಮ ಪಟ್ಟಣಗಳಲ್ಲಿ ಸಾಲಾಗಿ ತೆರೆದವು. 2006ರಲ್ಲಿ ಹೈದರಾಬಾದಿನಲ್ಲಿ ರಿಲಯನ್ಸ್ ಫ್ರೆಶ್ ಮಳಿಗೆಗಳು ಆರಂಭವಾದಾಗ ತಳ್ಳುಗಾಡಿಯವರ ಎದೆ ನಡುಗಿತು. ತಂಪುಗಾಳಿ, ಥಳಥಳಿಸುವ ದೀಪ, ಸೈನಿಕರಂತೆ ಸಾಲುಗಟ್ಟಿ ನಿಂತ ದೊಡ್ಡಮೆಣಸಿನಕಾಯಿ. ಇಲ್ಲಿ ಗಿರಾಕಿ ಯಾರ ಅನುಮತಿಯೂ ಇಲ್ಲದೆ ಆರಿಸಬಹುದು; ಯಾರೂ “ಮುಟ್ಟಬೇಡಿ” ಎನ್ನುವುದಿಲ್ಲ. ಚೌಕಾಸಿ ಮಾಡಲು ಎದುರಿಗೆ ಯಾರೂ ಇಲ್ಲ. ಆದುದರಿಂದ ಚೌಕಾಸಿ ಮಾಡಲಿಲ್ಲ ಎಂಬ ಅವಮಾನವೂ ಇಲ್ಲ. ಆದರೆ ಈ ಅಂಗಡಿ ಗಿರಾಕಿಯ ಕಣ್ಣಿಗೆ ಒಂದು ದುರಭ್ಯಾಸವನ್ನು ಕಲಿಸಿತು. ಎಲ್ಲ ಸೌತೆಕಾಯಿಗಳೂ ನೆಟ್ಟಗಿರಬೇಕು. ಎಲ್ಲ ಟೊಮ್ಯಾಟೊಗಳೂ ಒಂದೇ ಗಾತ್ರವಿರಬೇಕು. ಹೊಲಕ್ಕೆ ಈ ಶಿಸ್ತು ತಿಳಿಯದು. ಒಂದೇ ಬಳ್ಳಿಯಲ್ಲಿ ನೆಟ್ಟಗಿನದೂ ಹುಟ್ಟುತ್ತದೆ, ಸೊಟ್ಟಗಿನದೂ ಹುಟ್ಟುತ್ತದೆ. ನೆಟ್ಟಗಿನದು ಗಾಜಿನ ಮನೆಗೆ ಹೋದರೆ ಸೊಟ್ಟಗಿನದರ ದಾರಿ ಯಾವುದು? ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸಂಸ್ಥೆಯೊಂದು 2015ರಲ್ಲಿ ಹೊರತಂದ ವರದಿ, ನಮ್ಮ ಹಣ್ಣು ತರಕಾರಿಗಳಲ್ಲಿ ಬೆಳೆಗೆ ತಕ್ಕಂತೆ ಶೇಕಡ 4.58ರಿಂದ 15.88ರವರೆಗೆ ಕಟಾವಿನ ಕಾಲದಲ್ಲೂ ಅನಂತರವೂ ಹಾಳಾಗುತ್ತದೆ ಎಂದಿತ್ತು. ಸಾಗಣೆ, ಬಿಸಿಲು, ಸಂಗ್ರಹಣೆ ಇವೆಲ್ಲ ಅದಕ್ಕೆ ಕಾರಣ. ಅವುಗಳ ಮೇಲೆ ಗಿರಾಕಿಯ ಸೌಂದರ್ಯಪ್ರಜ್ಞೆಯನ್ನೂ ಹೇರಿದರೆ ರೈತ ಏನು ಮಾಡಬೇಕು?

ಗಾಜಿನ ಅಂಗಡಿಯ ಮುಂದಿನ ಅವತಾರ ಅಂಗಡಿಯೇ ಇಲ್ಲದ ಅಂಗಡಿ. ಬಿಗ್‌ಬ್ಯಾಸ್ಕೆಟ್ ಎಂಬ ಸಂಸ್ಥೆ 2011ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಅನಂತರ ಬಂದವು ಗಂಟೆಗಳ ಲೆಕ್ಕವನ್ನು ನಿಮಿಷಗಳಿಗೆ ಇಳಿಸಿದವು. ಗಿರಾಕಿಗೆ ಬಾಗಿಲೇ ತೆರೆಯದ ಉಗ್ರಾಣಗಳು ಗಲ್ಲಿಗಳಲ್ಲಿ ಅಡಗಿವೆ; ಅಲ್ಲಿ ಯಾರೋ ಒಬ್ಬ ಹುಡುಗ, ಎಂದೂ ನೋಡದ ಮನೆಯವರಿಗಾಗಿ ಬೆಂಡೆಕಾಯಿ ತುಂಬುತ್ತಾನೆ; ಇನ್ನೊಬ್ಬ ಹುಡುಗ ಮಳೆಯಲ್ಲಿ ಬೈಸಿಕಲ್ಲನ್ನೋ ಮೋಟಾರು ಬೈಕನ್ನೋ ಓಡಿಸುತ್ತಾನೆ. ತುದಿ ಮುರಿದು ನೋಡಬೇಕಾಗಿದ್ದ ಬೆಂಡೆಕಾಯಿಯನ್ನು ಚಿತ್ರ ನೋಡಿ ಕೊಳ್ಳುವ ಕಾಲ ಬಂದಿತು! ಅವರೆಕಾಯಿಯ ಸೊಗಡನ್ನು ಕಳುಹಿಸಬಲ್ಲ ತಂತಿಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ಆದರೂ ಜನ ಕೊಳ್ಳುತ್ತಾರೆ. ದುಡಿಯುವ ಹೆಣ್ಣುಮಗಳಿಗೆ ಉಳಿದ ಅರ್ಧ ಗಂಟೆಯ ಬೆಲೆ ಐದು ರೂಪಾಯಿಗಿಂತ ಹೆಚ್ಚು. ಇದನ್ನು ಸೋಮಾರಿತನವೆಂದು ಹಳಿಯುವವರು ಮೊದಲು ಅವಳ ಅಡುಗೆಮನೆಯಲ್ಲಿ ಒಂದು ಬೆಳಗನ್ನು ಕಳೆಯಬೇಕು. ಹಾಳಾದ ಕಾಯಿಗೆ ಹಣ ಹಿಂದಿರುಗುತ್ತದೆ ಎಂಬ ಭರವಸೆಯೂ ಉಂಟು. ಕೊಸರಿನ ಜಾಗದಲ್ಲಿ ಮರುಪಾವತಿ ಬಂದು ಕುಳಿತಿತು.

ಇಲ್ಲಿಗೆ ಮೊದಲಿನ ಪ್ರಶ್ನೆಗೆ ಉತ್ತರ ದೊರಕುತ್ತದೆ. ಚೌಕಾಸಿಗೆ ಒಂದು ಮುಖ ಬೇಕು. ಮುಖವಿದ್ದಲ್ಲಿ ಅನುಮಾನ ಹುಟ್ಟುತ್ತದೆ, ಜಗಳ ಹುಟ್ಟುತ್ತದೆ, ಕನಿಕರವೂ ಹುಟ್ಟುತ್ತದೆ. ಮುಖವಿಲ್ಲದಲ್ಲಿ ಇದಾವುದೂ ಹುಟ್ಟುವುದಿಲ್ಲ. ಹಣ ಮಾತ್ರ ಹರಿಯುತ್ತದೆ. ಆದುದರಿಂದಲೇ ನಮ್ಮ ಗಿರಾಕಿಯ ಪೌರುಷವೆಲ್ಲ ತಳ್ಳುಗಾಡಿಯ ಮುಂದೆ. ಅವನ ಔದಾರ್ಯವೆಲ್ಲ ಗಾಜಿನ ಮುಂದೆ. ಬಲಹೀನನ ಜೊತೆ ಲೆಕ್ಕ, ಬಲಶಾಲಿಯ ಜೊತೆ ಮೌನ. ಇದನ್ನು ವ್ಯವಹಾರಜ್ಞಾನವೆಂದು ಕರೆದುಕೊಳ್ಳುವುದು ಸುಲಭ. ಹಾಗೆ ಕರೆಯಲು ಮನಸ್ಸು ಒಪ್ಪಬೇಕಲ್ಲ!

ಹಾಗಾದರೆ ಬೆಳೆದವನ ಮುಖವನ್ನೇ ಗಿರಾಕಿಯ ಮುಂದೆ ತಂದು ನಿಲ್ಲಿಸಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಪಂಜಾಬಿನಲ್ಲಿ 1987ರಲ್ಲಿ ‘ಅಪ್ನಿ ಮಂಡಿ’ ಆರಂಭವಾಯಿತು. ಅಂದಿನ ಅವಿಭಜಿತ ಆಂಧ್ರಪ್ರದೇಶದಲ್ಲಿ 1999ರ ಜನವರಿ 26ರಂದು ‘ರೈತು ಬಜಾರು’ ತೆರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಮಧುರೆಯಲ್ಲಿ ‘ಉಳವರ್ ಸಂದೈ’ ಮೊದಲಾಯಿತು. ರೈತನಿಗೆ ಗುರುತಿನ ಚೀಟಿ. ಸಗಟು ದರಕ್ಕಿಂತ ಮೇಲೆ, ಚಿಲ್ಲರೆ ದರಕ್ಕಿಂತ ಕೆಳಗೆ ನಿಗದಿಯಾದ ಬೆಲೆ. ಇಬ್ಬರಿಗೂ ಲಾಭ. ಗಿರಾಕಿಗಳು ಸಂತೋಷದಿಂದಲೇ ಹೋದರು. ಆದರೆ ರೈತನ ಸಂತೆಗೆ ರೈತನ ಮಿತಿಗಳುಂಟು. ಅವನ ಹೊಲದಲ್ಲಿ ಆ ವಾರ ಹೀರೆಕಾಯಿ ಬಿಟ್ಟಿದ್ದರೆ ಅವನು ಹೀರೆಕಾಯಿಯನ್ನೇ ತಂದಾನು. ಹೂಕೋಸನ್ನು ಎಲ್ಲಿಂದ ತರಬೇಕು? ಬಿತ್ತನೆಯ ದಿನ ಅವನು ಪೇಟೆಗೆ ಬರಲಾರ. ಹೊಲದಲ್ಲಿ ದುಡಿಯುವವನು ದಿನವೆಲ್ಲ ತಕ್ಕಡಿಯ ಮುಂದೆಯೂ ಕುಳಿತಿರಬೇಕೆಂದರೆ ಅವನಿಗೆ ನಾಲ್ಕು ಕೈಗಳು ಬೇಕು. ಎಲ್ಲವೂ ಒಂದೇ ಕಡೆ, ಎಲ್ಲ ಹೊತ್ತಿನಲ್ಲಿ, ಎಲ್ಲ ಋತುವಿನಲ್ಲಿ ಸಿಗಬೇಕೆಂದು ಬಯಸುವ ಗಿರಾಕಿ ಎರಡು ಸಲ ಹೋದವನು ಮೂರನೆಯ ಸಲ ಹಿಂದೆ ಸರಿಯುತ್ತಾನೆ.

ಈ ಹಿಂದೆ ಸರಿಯುವ ಗುಣ ಪರೀಕ್ಷೆಗೆ ಬಂದ ಕಾಲವೊಂದಿತ್ತು. 2020ರ ಮಾರ್ಚ್ ಕೊನೆಯ ವಾರ ಕೊರೋನಾ ಮಾರಿಯ ಕಾರಣ ದೇಶವೇ ಬಾಗಿಲು ಹಾಕಿತು. ಹೋಟೆಲುಗಳು ಮುಚ್ಚಿದವು, ಮದುವೆಗಳು ನಿಂತವು, ಲಾರಿಗಳು ಅಲ್ಲಲ್ಲೇ ತಂಗಿದವು. ಆದರೆ ಬಳ್ಳಿಗೆ ಬೀಗ ಹಾಕಲು ಬರುವುದಿಲ್ಲ. ಬೆಂಗಳೂರಿನ ಸುತ್ತ ದ್ರಾಕ್ಷಿ ಹಣ್ಣಾಯಿತು, ಎಲೆಕೋಸು ಬಿರಿಯಿತು, ಟೊಮ್ಯಾಟೊ ಕೆಂಪೇರಿತು, ಕೇಳುವವರಿಲ್ಲ. ಆಗ ಕೆಲವು ಬೆಳೆಗಾರರು ತಮ್ಮ ಹೊಲದಲ್ಲಿ ನಿಂತು ಕೈದೂರವಾಣಿಯಲ್ಲಿ ತಮ್ಮ ಗೋಳನ್ನು ಚಿತ್ರಿಸಿ ಲೋಕಕ್ಕೆ ಬಿತ್ತರಿಸಿದರು. ಪಟ್ಟಣದ ವಸತಿ ಸಮುಚ್ಚಯಗಳವರು ಒಟ್ಟಾಗಿ ಪಟ್ಟಿ ಮಾಡಿ, ಇಡೀ ಗಾಡಿಯ ಮಾಲನ್ನೇ ತರಿಸಿಕೊಂಡರು. ಹಾಪ್‌ಕಾಮ್ಸ್ ಸಂಚಾರಿ ವಾಹನಗಳು ಬೀದಿಬೀದಿಗೆ ಬಂದವು. ಗೇಟಿನ ಬಳಿ ರೈತ. ಆರಡಿ ದೂರದಲ್ಲಿ ಮುಖವಸ್ತ್ರ ಧರಿಸಿದ ಗಿರಾಕಿ. ತುದಿ ಮುರಿದವರಿಲ್ಲ, ಚೌಕಾಸಿ ಮಾಡಿದವರಿಲ್ಲ. “ಇದು ಹೊಲದಿಂದ ನೇರವಾಗಿ ಬಂದದ್ದು” ಎಂದು ಸೊಟ್ಟ ಸೌತೆಕಾಯಿಯನ್ನು ಕೂಡ ಎತ್ತಿ ತೋರಿಸಿ ಹೆಮ್ಮೆಪಟ್ಟರು. ಗಿರಾಕಿಯ ಹೃದಯದಲ್ಲಿ ಇಷ್ಟು ಸೌಜನ್ಯ ಎಲ್ಲಿ ಅಡಗಿತ್ತೋ!

ಬಾಗಿಲುಗಳು ತೆರೆದ ಮೇಲೆ ಆ ಪಟ್ಟಿಗಳಲ್ಲಿ ಕೆಲವು ಉಳಿದವು, ಹಲವು ಕರಗಿಹೋದವು. ಪಟ್ಟಿ ಮಾಡುವ ಉತ್ಸಾಹಿ ಕೆಲಸಕ್ಕೆ ಮರಳಿದರು. ಹತ್ತು ಕಿಲೋ ದ್ರಾಕ್ಷಿಯನ್ನು ಹಂಚಿಕೊಳ್ಳುವ ತಾಪತ್ರಯ ನೆನಪಾಯಿತು. ಕಷ್ಟಕಾಲದ ನೆಂಟಸ್ತಿಕೆ ಸುಖಕಾಲದಲ್ಲಿ ಸಡಿಲವಾಯಿತು.

2023ರಲ್ಲಿ ಇನ್ನೊಂದು ನಾಟಕ ನಡೆಯಿತು. ಆ ವರ್ಷದ ಜುಲೈಯಲ್ಲಿ ಟೊಮ್ಯಾಟೊದ ಚಿಲ್ಲರೆ ಬೆಲೆ ಕಿಲೋಗೆ 100 ರೂಪಾಯಿಯನ್ನು ದಾಟಿ ನಾಗಾಲೋಟದಲ್ಲಿ ಓಡಿತು. ದೆಹಲಿಯಲ್ಲಿ ರಾಷ್ಟ್ರೀಯ ಗ್ರಾಹಕ ಸಹಕಾರಿ ಒಕ್ಕೂಟದ ವಾಹನಗಳು ಮೊದಲು 90, ಅನಂತರ 80, ಬಳಿಕ 70 ರೂಪಾಯಿಗೆ ಕಿಲೋ ಮಾರಿದವು; ಜನ ಸಾಲುಗಟ್ಟಿ ನಿಂತರು. ಸಹಕಾರ ಎಂಬ ಶಬ್ದದ ಅರ್ಥ ಅಂದು ಎಲ್ಲರಿಗೂ ಥಟ್ಟನೆ ಹೊಳೆದಿತ್ತು. ಆದರೆ ಅದೇ ಟೊಮ್ಯಾಟೊ ಬೆಲೆ ಕಳೆದುಕೊಂಡು, ಕೋಲಾರದ ಕಡೆ ರೈತರು ಬುಟ್ಟಿಬುಟ್ಟಿಯಾಗಿ ರಸ್ತೆಯ ಬದಿಗೆ ಸುರಿಯುವ ದಿನಗಳೂ ಮತ್ತೆ ಮತ್ತೆ ಬರುತ್ತವೆ. ಅಂದು ಸಾಲುಗಟ್ಟಿ ನಿಲ್ಲುವವರು ಯಾರು? ಬೆಲೆ ಏರಿದಾಗ ರೈತನ ಮಳಿಗೆ ನೆನಪಾಗುವುದು, ಇಳಿದಾಗ ಮರೆತುಹೋಗುವುದು. ಹೀಗಾದರೆ ಆ ಮಳಿಗೆ ಬದುಕುವುದಾದರೂ ಹೇಗೆ?

ಈ ಗಂಟನ್ನು ಬಿಡಿಸಲು ದೂರದ ಜಪಾನಿನ ಗೃಹಿಣಿಯರು ಒಂದು ದಾರಿ ಹಿಡಿದರು. ಕೀಟನಾಶಕಗಳ ಭಯ ಅಲ್ಲಿ ಹಬ್ಬಿದ್ದ ಕಾಲವದು. 1971ರಲ್ಲಿ ಅಲ್ಲಿ ಸಾವಯವ ಕೃಷಿಯ ಸಂಘವೊಂದು ಸ್ಥಾಪಿತವಾಯಿತು. ಅದರ ಸುತ್ತ ‘ಟೇಕೇಯ್’ ಎಂಬ ಪದ್ಧತಿ ಬೆಳೆಯಿತು. ಆ ಶಬ್ದಕ್ಕೆ ಕೈಜೋಡಣೆ ಎಂದು ಅರ್ಥ ಹೇಳಬಹುದು. ಕೆಲವು ಮನೆಗಳವರು ಸೇರಿ ಒಬ್ಬ ರೈತನೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಅವನು ಬೆಳೆದದ್ದನ್ನು ಅವರು ಕೊಳ್ಳುತ್ತಾರೆ: ನೆಟ್ಟಗಿನದನ್ನೂ ಸೊಟ್ಟಗಿನದನ್ನೂ, ಹೆಚ್ಚು ಬೆಳೆದಾಗ ಹೆಚ್ಚನ್ನೂ ಕಡಿಮೆ ಬೆಳೆದಾಗ ಕಡಿಮೆಯನ್ನೂ. ಬೆಲೆಯನ್ನು ಇಬ್ಬರೂ ಕುಳಿತು ಗೊತ್ತುಮಾಡುತ್ತಾರೆ. ಕಳೆ ಕೀಳುವ ಕಾಲದಲ್ಲಿ ಗಿರಾಕಿಗಳೇ ಹೊಲಕ್ಕೆ ಹೋಗಿ ಕೈಗೂಡಿಸುವುದೂ ಉಂಟು. 1986ರಲ್ಲಿ ಅಮೆರಿಕದ ಈಶಾನ್ಯ ಪ್ರಾಂತದ ಎರಡು ತೋಟಗಳಲ್ಲಿ ಇದನ್ನು ಹೋಲುವ ಏರ್ಪಾಡು ಆರಂಭವಾಯಿತು. ಅಲ್ಲಿ ಬಿತ್ತುವ ಮುನ್ನವೇ ಗಿರಾಕಿ ಹಣ ಕೊಡುತ್ತಾನೆ. ಮಳೆ ಕೈಕೊಟ್ಟರೆ ರೈತನೊಬ್ಬನೇ ಅಳುವುದಿಲ್ಲ.

ಇದನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಡಬೇಕೆಂದೇನೂ ಇಲ್ಲ. ನಮ್ಮಲ್ಲಿ ಸಂಜೆಯ ಹೊತ್ತು ಪೇಟೆಗೆ ಹೋಗಿ, ಉಳಿದ ರಾಶಿಯನ್ನು ಅರ್ಧ ಬೆಲೆಗೆ ಕೊಂಡು, ಕೊಳೆತದ್ದನ್ನು ಕತ್ತರಿಸಿ ತೆಗೆದು, ನಾಲ್ಕು ಮಕ್ಕಳಿಗೆ ಬಡಿಸುವ ತಾಯಂದಿರಿದ್ದಾರೆ. ಅವರ ಪಾಲಿಗೆ ಒಂದೊಂದು ರೂಪಾಯಿಯ ಚೌಕಾಸಿಯೂ ಧರ್ಮವೇ. ಅವರಿಗೆ ಯಾರ ಉಪದೇಶವೂ ಬೇಕಿಲ್ಲ. ಆದರೆ ಗಾಜಿನ ಮುಂದೆ ಉದಾರನಾಗಬಲ್ಲ ಗಿರಾಕಿಗೆ ಜಪಾನಿನ ಗೃಹಿಣಿಯರಿಂದ ಕಲಿಯಲು ಒಂದು ಸಂಗತಿ ಇದೆ. ಅವರು ರೈತನಿಗೆ ಕೊಟ್ಟದ್ದು ದಾನವನ್ನಲ್ಲ, ಹೆಚ್ಚಿನ ಬೆಲೆಯನ್ನೂ ಮುಖ್ಯವಾಗಿ ಅಲ್ಲ. ಅವರು ಕೊಟ್ಟದ್ದು ‘ನಾಳೆಯೂ ಬರುತ್ತೇವೆ’ ಎಂಬ ಮಾತನ್ನು. ಸಹಕಾರ ಸಂಘವಾಗಲಿ, ರೈತರ ಸಂತೆಯಾಗಲಿ, ಬಡಾವಣೆಯ ಪಟ್ಟಿಯಾಗಲಿ ನಿಲ್ಲುವುದು ಆ ಮಾತಿನ ಮೇಲೆ. ದೊಡ್ಡ ಬಂಡವಾಳದ ಅಂಗಡಿ ಗಿರಾಕಿಯ ಚಂಚಲತೆಯನ್ನು ಕೆಲವು ವರ್ಷ ನಷ್ಟದಲ್ಲಿಯೇ ತಾಳಿಕೊಳ್ಳಬಲ್ಲುದು. ಎರಡೆಕರೆ ಟೊಮ್ಯಾಟೊ ಬೆಳೆದವನು ಒಂದು ವಾರ ತಾಳಲಾರ. ಯಾವ ದಾರಿ ಉಳಿಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು ನಿರ್ಧರಿಸುವವರು ಸರಕಾರದವರಲ್ಲ, ಬಂಡವಾಳಗಾರರೂ ಅಲ್ಲ. ದಿನಕ್ಕೆ ಅರ್ಧ ಕಿಲೋ ಹುರುಳಿಕಾಯಿ ಕೊಳ್ಳುವವರು. ವಾರದ ಏಳು ದಿನಗಳಲ್ಲಿ ಎರಡು ದಿನವಾದರೂ ಸಹಕಾರಿ ಮಳಿಗೆಯ ಹಲಗೆಯನ್ನು ಓದುವುದು, ಬಾಡಿದ್ದರೆ ಬಾಡಿದೆ ಎಂದು ಅಲ್ಲಿಯೇ ಹೇಳುವುದು, ಆದರೂ ಮುಂದಿನ ವಾರ ಮರಳಿ ಹೋಗುವುದು. ಇಷ್ಟು ಸಾಧ್ಯವಾಗದ ಕೆಲಸವಲ್ಲ.

ಮೊದಲಿನ ಅಡ್ಡರಸ್ತೆಗೆ ಮರಳಿದರೆ, ಅಲ್ಲಿ ಮೂರು ದಿನದಿಂದ ಸೊಪ್ಪಿನವಳ ಕೂಗಿಲ್ಲ. ಹಿಂದಿನ ರಾತ್ರಿಯೆಲ್ಲ ಮಳೆ. ಚೀಲ ಎಂದಿನಂತೆ ಹೊಸ್ತಿಲಿಗೆ ಬಂದು ಬಿದ್ದಿದೆ. ಮನೆಯಲ್ಲಿ ಸೊಪ್ಪಿಗೇನೂ ಕೊರತೆಯಿಲ್ಲ. ನಾಲ್ಕನೆಯ ದಿನ ತಿರುವಿನಾಚೆಯಿಂದ ಸ್ವಲ್ಪ ಒಡೆದ ದನಿಯಲ್ಲಿ ಕೂಗು ಕೇಳುತ್ತದೆ. ಗೃಹಿಣಿ ಹೊರಗೆ ಬಂದು ಹೊರೆಗೆ ಕೈಕೊಡುತ್ತಾಳೆ. ಕಟ್ಟನ್ನು ಎತ್ತುವ ಮುನ್ನ, ನೀರು ಒದರುವ ಮುನ್ನ, “ಯಾಕೆ ಬರಲಿಲ್ಲ? ಹುಷಾರಿರಲಿಲ್ಲವೆ?” ಎಂದು ಕೇಳುತ್ತಾಳೆ. ಮಳೆಗೆ ಮಡಿಯೆಲ್ಲ ನೀರು ನಿಂತು ಸೊಪ್ಪು ಕೊಳೆಯಿತು, ಜ್ವರವೂ ಬಂದಿತ್ತು ಎಂದು ಸೊಪ್ಪಿನವಳು ಹೇಳುತ್ತಾಳೆ. ಅಂದೂ ಚೌಕಾಸಿ ನಡೆಯುತ್ತದೆ. ಆದರೆ ಬೇಗ ಮುಗಿಯುತ್ತದೆ. ಕರಿಬೇವನ್ನು ಅಂದು ಯಾರೂ ಕೇಳುವುದಿಲ್ಲ. ಆದರೂ ಬುಟ್ಟಿಯಲ್ಲಿ ಎರಡೆಸಳು ಬಂದು ಬೀಳುತ್ತವೆ.